ಕರೆದರೆ ಬಾರದ ಭಾವ

ಜನವರಿ 8, 2026, ಗುರುವಾರ

1923ರಲ್ಲಿ ಇದೇ ದಿನ ಮಾಸ್ಕೋ ಆರ್ಟ್ ಥಿಯೇಟರ್ ನ್ಯೂಯಾರ್ಕಿನಲ್ಲಿ ಮೊದಲ ಪ್ರದರ್ಶನ ಕೊಟ್ಟಿತು. ಮಾತೆಲ್ಲ ರಷ್ಯನ್, ಕೂತವರಲ್ಲಿ ಬಹಳಷ್ಟು ಜನಕ್ಕೆ ಅದು ತಿಳಿಯದು. ಆದರೂ ಅಮೆರಿಕದ ಎಳೆಯ ನಟರು ಬೆರಗಾದರು. ಸಣ್ಣಪುಟ್ಟ ಪಾತ್ರದವರೂ ನಾಯಕನಷ್ಟೇ ನಿಜವಾಗಿ ರಂಗದ ಮೇಲೆ ಬದುಕುತ್ತಿದ್ದರು. ಅದನ್ನು ಸಾಧಿಸುವ ಬಗೆ ಹೇಗೆಂದು ಕಲಿಸಲು ಆ ತಂಡದ ಹಳೆಯ ನಟ ಬೊಲೆಸ್ಲಾವ್‌ಸ್ಕಿ ಅದೇ ವರ್ಷ ಅಮೆರಿಕನ್ ಲ್ಯಾಬೊರೇಟರಿ ಥಿಯೇಟರ್ ಆರಂಭಿಸಿದರು. ಅಲ್ಲಿ ಕಲಿತವರಲ್ಲಿ ಲೀ ಸ್ಟ್ರಾಸ್‌ಬರ್ಗ್, ಸ್ಟೆಲ್ಲಾ ಆಡ್ಲರ್ ಇಬ್ಬರೂ ಇದ್ದರು. 1931ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ ಗ್ರೂಪ್ ಥಿಯೇಟರ್ ಎಂಬ ನಾಟಕತಂಡದಲ್ಲಿ ಇವರಿಬ್ಬರ ದಾರಿ ಬೇರೆಯಾಯಿತು.

ಸ್ಟ್ರಾಸ್‌ಬರ್ಗ್ ಒತ್ತು ಕೊಟ್ಟದ್ದು ಭಾವಸ್ಮೃತಿಗೆ. ಅಭ್ಯಾಸ ಹೀಗೆ: ಕುರ್ಚಿಯಲ್ಲಿ ಕೂತು ಕತ್ತು, ದವಡೆ, ಹುಬ್ಬಿನ ಬಿಗಿತ ಬಿಡಬೇಕು. ಆಮೇಲೆ ತನ್ನ ಬಾಳಿನ ಒಂದು ಹಳೆಯ ಘಟನೆ ಆರಿಸಿಕೊಳ್ಳಬೇಕು. ಏಳು ವರ್ಷವಾದರೂ ಹಿಂದಿನದಿರಲಿ ಎಂಬುದು ಅವರ ಮಾತು, ಹಸಿ ಗಾಯ ನಟನ ಹತೋಟಿಗೆ ಸಿಗುವುದಿಲ್ಲ. ‘ಆಗ ನನಗೆಷ್ಟು ದುಃಖವಾಗಿತ್ತು’ ಎಂದು ನೆನೆಯುವಂತಿಲ್ಲ. ಮೈಮೇಲಿದ್ದ ಬಟ್ಟೆ ಒರಟೇ ನಯವೇ, ಬೆಳಕು ಯಾವ ಕಡೆಯಿಂದ ಬರುತ್ತಿತ್ತು, ಕೋಣೆಯಲ್ಲಿ ಏನು ವಾಸನೆ, ಇಷ್ಟನ್ನೇ ಒಂದೊಂದಾಗಿ ಹುಡುಕಬೇಕು. ಅವುಗಳ ಬೆನ್ನಿಗೆ ಭಾವ ತಾನೇ ಬರುತ್ತದೆ.

ಬರುತ್ತದೆ, ನಿಜ. ತೊಂದರೆ ಇರುವುದು ಆಮೇಲೆ. ನಟ ತನ್ನ ನೆನಪಿನ ಕೋಣೆಗೆ ಹೋದಷ್ಟು ಹೊತ್ತೂ ಎದುರು ನಿಂತ ನಟಿಯ ಮಾತು ಅವನ ಕಿವಿಗೆ ಬೀಳುವುದಿಲ್ಲ. ದೃಶ್ಯದ ಓಟ ಕುಗ್ಗುತ್ತದೆ. ಅದೇ ನೆನಪನ್ನು ದಿನದಿನವೂ ಕೆದಕಿದರೆ ಅದು ಸವೆದು ಬರಿದಾಗುತ್ತದೆ. ನ್ಯೂಯಾರ್ಕಿನ ನಾಟಕಮಂದಿರಗಳ ನೆಲೆಯಾದ ಬ್ರಾಡ್‌ವೇಯಲ್ಲಂತೂ ವಾರಕ್ಕೆ ಎಂಟು ಪ್ರದರ್ಶನ.

1934ರಲ್ಲಿ ಆಡ್ಲರ್ ಪ್ಯಾರಿಸ್ಸಿಗೆ ಹೋಗಿ, ಮಾಸ್ಕೋ ಆರ್ಟ್ ಥಿಯೇಟರ್ ಕಟ್ಟಿದವರಲ್ಲೊಬ್ಬರೂ ಈ ಅಭಿನಯ ಪದ್ಧತಿಯ ಮೂಲಗುರುವೂ ಆದ ಸ್ಟಾನಿಸ್ಲಾವ್‌ಸ್ಕಿಯವರ ಬಳಿಯೇ ಕೆಲವು ವಾರ ಕಲಿತರು. ಪಾತ್ರ ಯಾವ ಸನ್ನಿವೇಶದಲ್ಲಿದೆ, ಅದಕ್ಕೆ ಏನು ಬೇಕು, ಅದಕ್ಕಾಗಿ ಏನು ಮಾಡುತ್ತದೆ ಎಂಬುದೇ ಮೊದಲು, ಸ್ವಂತ ನೆನಪು ಕಡೆಯ ಉಪಾಯ ಎಂದು ತಿಳಿದು ಬಂದರು. ಸ್ಟ್ರಾಸ್‌ಬರ್ಗ್ ಒಪ್ಪಲಿಲ್ಲ. ಸ್ಟಾನಿಸ್ಲಾವ್‌ಸ್ಕಿಯವರ ಪುಸ್ತಕಗಳಿಂದಲೂ ಗೊಂದಲ ಬೆಳೆಯಿತು: ಒಳಗಿನ ಸಿದ್ಧತೆಯ ಭಾಗ ಇಂಗ್ಲಿಷಿನಲ್ಲಿ 1936ಕ್ಕೇ ಸಿಕ್ಕಿತು, ದನಿ, ನಡೆ, ಲಯದ ಭಾಗ ಬಂದದ್ದು 1949ರಲ್ಲಿ. ನಡುವಿನ 13 ವರ್ಷ ಅಮೆರಿಕ ಅರ್ಧ ಪಾಠವನ್ನೇ ಪೂರ್ತಿ ಎಂದುಕೊಂಡಿತ್ತು.

ಆಡ್ಲರ್ ಕಡೆ ನ್ಯಾಯವಿದೆ ಎನ್ನಲು ಚೆಕಾಫನ ‘ಚೆರ್ರಿ ಆರ್ಚರ್ಡ್’ ಸಾಕು. ಮಾಸ್ಕೋ ತಂಡ 1923ರ ಆ ಪ್ರವಾಸದಲ್ಲೂ ಆಡಿದ ನಾಟಕವದು. ಕೊನೆಯ ಅಂಕದಲ್ಲಿ ವ್ಯಾಪಾರಿ ಲೊಪಾಖಿನ್ ಮನೆಯ ಸಾಕುಮಗಳು ವಾರ್ಯಾಳನ್ನು ಮದುವೆಗೆ ಕೇಳಬೇಕು. ಅವಳು ಬಂದವಳೇ ಗಂಟುಮೂಟೆಗಳಲ್ಲಿ ಏನನ್ನೋ ಹುಡುಕತೊಡಗುತ್ತಾಳೆ. ಅವನು ಚಳಿಯ ಮಾತೆತ್ತುತ್ತಾನೆ. ನಮ್ಮ ಥರ್ಮಾಮೀಟರ್ ಒಡೆದಿದೆ ಎನ್ನುತ್ತಾಳೆ. ಹೊರಗಿನಿಂದ ಯಾರೋ ಕೂಗುತ್ತಾರೆ, ಅವನು ತಕ್ಷಣ ಹೊರಟುಬಿಡುತ್ತಾನೆ. ಮದುವೆಯ ಸೊಲ್ಲೇ ಇಲ್ಲ. ನಟಿ ಮೊದಲಿನಿಂದಲೇ ಅಳು ತುಂಬಿಕೊಂಡು ಬಂದರೆ ದೃಶ್ಯ ಅಲ್ಲೇ ಸತ್ತಿತು, ಪ್ರೇಕ್ಷಕನಿಗೆ ಕಾಯಲು ಏನೂ ಉಳಿಯದು. ಮೂಟೆಯೊಳಗೆ ಒಂದು ನಿಜವಾದ ವಸ್ತು ಇಡಿ, ಅದನ್ನು ಹುಡುಕುವುದು ಅವಳ ಕೆಲಸವಾಗಲಿ. ಕೈ ಎಲ್ಲಿ ನಿಲ್ಲುತ್ತದೆ, ಅವನು ಬಾಯಿ ತೆರೆದಾಗ ಹುಡುಕಾಟ ನಿಧಾನವಾಗುತ್ತದೋ ಚುರುಕಾಗುತ್ತದೋ ಎಂಬುದನ್ನಷ್ಟೇ ತಾಲೀಮಿನಲ್ಲಿ ಗೊತ್ತುಮಾಡಿಕೊಳ್ಳಿ. ಅವನು ಹೋದ ಮೇಲೆ ಬರುವ ಅಳು ಆಗ ತಾನೇ ಬರುತ್ತದೆ.

ಹಾಲಿವುಡ್ಡಿನಲ್ಲಿ ಸ್ಟ್ರಾಸ್‌ಬರ್ಗ್ ದಾರಿ ಗಟ್ಟಿಯಾಗಿ ಉಳಿಯಿತು, ಅದಕ್ಕೆ ಕಾರಣವೂ ಇದೆ. ಕ್ಯಾಮೆರಾದ ಮುಂದೆ ಒಂದು ಟೇಕ್ ಚಿಕ್ಕದು, ಕ್ಲೋಸಪ್ಪಿನಲ್ಲಿ ಮುಖ ಒಂದೇ ಇದ್ದರೂ ನಡೆಯುತ್ತದೆ, ಭಾವ ಒಮ್ಮೆ ಸರಿಯಾಗಿ ಬಂದರೆ ಸಾಕು. ಆದರೆ ಈ ಅಭಿನಯಕ್ಕೆ ಮಾದರಿಯೆಂದು ಜಗತ್ತೇ ಬೆರಳು ತೋರಿಸುವ ನಟ ಮಾರ್ಲನ್ ಬ್ರಾಂಡೊ ತನಗೆ ನಟನೆ ಕಲಿಸಿದವರು ಸ್ಟೆಲ್ಲಾ ಆಡ್ಲರ್ ಎಂದೇ ಹೇಳುತ್ತಿದ್ದರು.