16 ಗಂಟೆಯ ಪಾಠ ಹೋಗಬಾರದು

ಅಮೆರಿಕದ ಇಲಿನಾಯ್ ರಾಜ್ಯ ಅಂದರೆ ಶಿಕಾಗೊ ಅಂತಲೇ ನಾನೂ ಅಂದುಕೊಂಡಿದ್ದೆ. ದಕ್ಷಿಣದ ಈ ಕೌಂಟಿಗೆ, ಅಂದರೆ ನಮ್ಮ ಜಿಲ್ಲೆಯಂಥದ್ದಕ್ಕೆ, ಬಂದು ನೆಲೆಸಿದ ಮೇಲೆ ಗೊತ್ತಾಯಿತು, ಶಿಕಾಗೊ ಇಲ್ಲಿಂದ ಕಾರಿನಲ್ಲಿ ಐದಾರು ಗಂಟೆ ದೂರ, ಜನರ ಯೋಚನೆಯಲ್ಲಿ ಅದಕ್ಕಿಂತಲೂ ದೂರ. ಜೋಳದ ಹೊಲ, ಸೋಯಾ ಹೊಲ, ಅಲ್ಲೊಂದು ಮನೆ ಇಲ್ಲೊಂದು ಮನೆ. ರಾತ್ರಿ ತುರ್ತು ನಂಬರ್ 911ಕ್ಕೆ ಫೋನ್ ಮಾಡಿದರೆ ಶೆರಿಫ್, ಅಂದರೆ ಕೌಂಟಿಯ ಪೊಲೀಸ್ ಮುಖ್ಯಸ್ಥರ, ಕಡೆಯವರು ಬರುತ್ತಾರೆ, ಬರುವುದಿಲ್ಲ ಅಂತಲ್ಲ, ಆದರೆ ಇಡೀ ಕೌಂಟಿಗೆ ಒಬ್ಬರೋ ಇಬ್ಬರೋ ಇದ್ದರೆ ಅವರಾದರೂ ಎಷ್ಟು ಬೇಗ ಬಂದಾರು? ಇಲ್ಲಿನ ರೈತರು, ರಿಟೈರ್ ಆದ ಮೇಷ್ಟ್ರುಗಳು ಅಂಗಿಯೊಳಗೆ ಪಿಸ್ತೂಲು ಇಟ್ಟುಕೊಂಡು ಓಡಾಡುವ ಹಕ್ಕಿಗಾಗಿ ಯಾಕೆ ಅಷ್ಟು ಹಟ ಹಿಡಿದರು ಅನ್ನುವುದು ನನಗೆ ಆಮೇಲೆ ಅರ್ಥವಾಯಿತು.

ಇದು ಪಕ್ಷಗಳ ಜಗಳವೇ ಆಗಿರಲಿಲ್ಲ. 2011ರಲ್ಲಿ ಇದಕ್ಕೆ ಮಸೂದೆ ತಂದವರು ಬ್ರ್ಯಾಂಡನ್ ಫೆಲ್ಪ್ಸ್, ದಕ್ಷಿಣದ ಹ್ಯಾರಿಸ್‌ಬರ್ಗ್‌ನವರು, ಸಾಮಾನ್ಯವಾಗಿ ಗನ್ ನಿಯಂತ್ರಣ ಬೇಕು ಅನ್ನುವ ಡೆಮಾಕ್ರಾಟಿಕ್ ಪಕ್ಷದವರೇ. ರಾಜ್ಯದ ಕೆಳಮನೆಯಲ್ಲಿ 118 ಸದಸ್ಯರು, ಪರವಾಗಿ ಬಿದ್ದದ್ದು 65 ಮತ. ಬೇರೆ ಮಸೂದೆಯಾಗಿದ್ದರೆ ಗೆದ್ದಂತೆಯೇ ಅಲ್ವಾ? ಆದರೆ ಶಿಕಾಗೊದಂಥ ಊರುಗಳಿಗೆ ತಮ್ಮದೇ ಕಾಯ್ದೆ ಮಾಡಿಕೊಳ್ಳುವ ಅಧಿಕಾರವಿದೆ, ಅದನ್ನು ಮೀರಬೇಕಾದರೆ 71 ಮತ ಬೇಕಿತ್ತು. ಅಲ್ಲಿಗೆ ಮುಗಿಯಿತು. ಅದೇ ವರ್ಷ ಪಕ್ಕದ ವಿಸ್ಕಾನ್ಸಿನ್ ಕೂಡ ಅನುಮತಿ ಕೊಟ್ಟಿತು, 50 ರಾಜ್ಯಗಳಲ್ಲಿ ಪೂರ್ತಿ ಬೇಡ ಅನ್ನುವ ರಾಜ್ಯ ಉಳಿದದ್ದು ನಮ್ಮದೊಂದೇ.

ಕೊನೆಗೆ ಬಾಗಿಲು ತೆರೆದದ್ದು ಕೋರ್ಟು. 2012ರ ಡಿಸೆಂಬರ್ 11ರಂದು ಫೆಡರಲ್ ಮೇಲ್ಮನವಿ ಕೋರ್ಟು ಈ ನಿಷೇಧ ನಿಲ್ಲುವುದಿಲ್ಲ ಅಂದಿತು. ತೀರ್ಪು ಬರೆದ ರಿಚರ್ಡ್ ಪೋಸ್ನರ್ ಹೇಳಿದ್ದು ಸರಳ. ಒರಟು ಬೀದಿಯಲ್ಲಿ ನಡೆಯುವವನ ಮೇಲೆ ಹಲ್ಲೆಯಾಗುವ ಸಾಧ್ಯತೆ 35ನೇ ಮಹಡಿಯ ಫ್ಲ್ಯಾಟಿನಲ್ಲಿ ಕೂತವನಿಗಿಂತ ಜಾಸ್ತಿ, ಹಾಗಿರುವಾಗ ಆತ್ಮರಕ್ಷಣೆಯ ಹಕ್ಕು ಮನೆಯೊಳಗೆ ಮಾತ್ರ ಯಾಕೆ? ಹೊಸ ಕಾಯ್ದೆ ಮಾಡಲು 180 ದಿನ ಕೊಟ್ಟರು, ಅದೂ ಸಾಲದೆ ಇನ್ನೂ 30 ದಿನ ಕೊಟ್ಟರು. ಗವರ್ನರ್ ಪ್ಯಾಟ್ ಕ್ವಿನ್ ಒಬ್ಬರಿಗೆ ಒಂದೇ ಗನ್, 10 ಗುಂಡು ಅಂತ ಶಾಸಕರು ಪಾಸು ಮಾಡಿದ ಮಸೂದೆಯನ್ನು ತಿದ್ದಿ ವಾಪಸ್ ಕಳಿಸಿದರು. 2013ರ ಜುಲೈ 9ರಂದು ಎರಡೂ ಸದನಗಳು ಅವರ ಮಾತನ್ನು ತಳ್ಳಿಹಾಕಿದವು, ಮಸೂದೆ ಕಾಯ್ದೆಯಾಯಿತು. ಕೆಳಮನೆಯಲ್ಲಿ 77ಕ್ಕೆ 31.

ಈ ಕಾಯ್ದೆಯಲ್ಲಿ ನನಗೆ ತುಂಬಾ ಮುಖ್ಯ ಅನ್ನಿಸುವುದು ಲೈಸೆನ್ಸ್ ಸಿಗಬೇಕಾದರೆ ಮುಗಿಸಲೇಬೇಕಾದ 16 ಗಂಟೆಯ ತರಬೇತಿ. ನಾನೂ ಎರಡು ಶನಿವಾರ ಕೂತು ಕಲಿತೆ. ಗುಂಡು ಹಾರಿಸುವುದನ್ನೇ ಹೇಳಿಕೊಡುತ್ತಾರೆ ಅಂದುಕೊಂಡು ಹೋದರೆ, ಹೆಚ್ಚಿನ ಹೊತ್ತು ಯಾವಾಗ ಹಾರಿಸಬಾರದು ಅನ್ನುವುದರಲ್ಲೇ ಕಳೆಯಿತು. ಶಾಲೆ, ಆಸ್ಪತ್ರೆ, ಬಸ್ಸು, ರೈಲು, ಎಲ್ಲೆಲ್ಲಿ ಒಯ್ಯುವಂತಿಲ್ಲ, ಪೊಲೀಸರು ಕಾರು ನಿಲ್ಲಿಸಿ ಕೇಳಿದರೆ ಏನು ಹೇಳಬೇಕು, ಕೈ ಎಲ್ಲಿಡಬೇಕು. ಕೊನೆಗೆ 5, 7, 10 ಗಜದಿಂದ ಹತ್ತತ್ತರಂತೆ 30 ಗುಂಡು, ಶೇಕಡಾ 70 ಗುರಿಗೆ ಬೀಳಬೇಕು. 10 ಗಜಕ್ಕೆ ಬಂದಾಗ ನನ್ನ ಕೈ ನಡುಗಿತು. ಎದುರಿಗಿದ್ದದ್ದು ಸುಮ್ನೆ ಒಂದು ಕಾಗದ, ಯಾರೂ ನನ್ನನ್ನು ಬೆನ್ನಟ್ಟಿರಲಿಲ್ಲ, ಆದರೂ ನಡುಗಿತು. ಜನಜಂಗುಳಿಯ ಪಾರ್ಕಿಂಗ್ ಜಾಗದಲ್ಲಿ ಭಯದಿಂದ ಹಾರಿಸಿದರೆ ಆ ಗುಂಡು ಎಲ್ಲಿಗೆ ಹೋಗುತ್ತದೆ ಅಂತ ಆ ರಾತ್ರಿ ಯೋಚಿಸಿ ನಿದ್ದೆಯೇ ಬರಲಿಲ್ಲ.

ಈಗ ಇದೇ ಜನರಲ್ಲಿ ಕೆಲವರು ಲೈಸೆನ್ಸೇ ಬೇಡ ಅನ್ನುತ್ತಿದ್ದಾರೆ. 29 ರಾಜ್ಯಗಳಲ್ಲಿ ಆಗಲೇ ಬೇಕಿಲ್ಲ. ಮಿಸಿಸಿಪಿ ನದಿ ದಾಟಿ ಮಿಸೂರಿಗೆ ಹೋದರೆ 2017ರಿಂದ ಅಲ್ಲೂ ಇಲ್ಲ. ಹಕ್ಕಿಗೆ ಪರ್ಮಿಟ್ ಯಾಕೆ ಅಂತ ಕೇಳುತ್ತಾರೆ. ಅವರಲ್ಲಿ ನನ್ನ ಗೆಳೆಯರಿದ್ದಾರೆ, ಒಳ್ಳೆಯವರು, ಅವರ ಕೈಯಲ್ಲಿ ಗನ್ ಇದ್ದರೆ ನನಗೆ ಹೆದರಿಕೆಯಿಲ್ಲ. ಆದರೆ ಕಾಯ್ದೆ ಅವರೊಬ್ಬರಿಗೇ ಅಲ್ಲವಲ್ಲ! ಒಂದು ದಿನವೂ ಕಲಿಯದವನೂ ಅದೇ ಅಂಗಡಿಯ ಸಾಲಿನಲ್ಲಿ ನನ್ನ ಹಿಂದೆ ನಿಂತಿರುತ್ತಾನೆ.

ಅವರ ಒಂದು ದೂರು ಮಾತ್ರ ಪೂರ್ತಿ ನಿಜ. ಲೈಸೆನ್ಸಿಗೆ 150 ಡಾಲರ್, ಐದು ವರ್ಷಕ್ಕೊಮ್ಮೆ ಮತ್ತೆ ಕಟ್ಟಬೇಕು, ತರಗತಿಯ ದುಡ್ಡು ಬೇರೆ, ಎರಡು ದಿನದ ಕೂಲಿ ಹೋಗುವುದು ಬೇರೆ. ಕಾಸಿದ್ದವನಿಗೆ ಸಿಗುವ ಹಕ್ಕು, ರಾತ್ರಿ ಪಾಳಿ ಮುಗಿಸಿ ಒಬ್ಬಳೇ ಮನೆಗೆ ಹೋಗುವ ಹೆಂಗಸಿಗೆ ಕೈಗೆಟುಕದಿದ್ದರೆ ಅದು ಅನ್ಯಾಯ. ಅದಕ್ಕೆ ಪಾಠವನ್ನು ತೆಗೆಯುವುದಲ್ಲ, ಖರ್ಚನ್ನು ತೆಗೆಯಬೇಕು.

ನಮ್ಮ ಕೌಂಟಿ ಬೋರ್ಡಿನ ಮುಂದಿನ ಸಭೆಯಲ್ಲಿ ಮೂರು ನಿಮಿಷ ಮಾತಾಡಲು ಹೆಸರು ಕೊಟ್ಟಿದ್ದೇನೆ. ಶೆರಿಫ್ ಕಚೇರಿಯವರೇ ವರ್ಷಕ್ಕೆ ನಾಲ್ಕು ಸಲ ಈ ತರಗತಿಯನ್ನು ಪುಕ್ಕಟೆ ನಡೆಸಲಿ, ಅದರಲ್ಲಿ ಒಂದಾದರೂ ಪಾಳಿ ಕೆಲಸದವರಿಗೆ ಹೊಂದುವ ಹೊತ್ತಿನಲ್ಲಿ ಇರಲಿ ಅಂತ ಕೇಳುತ್ತೇನೆ. ಈ ಕೌಂಟಿಯವರು ಯಾರಾದರೂ ಓದುತ್ತಿದ್ದರೆ ನೀವೂ ಬನ್ನಿ, ನನ್ನ ಮಾತು ಒಪ್ಪದವರೂ ಬನ್ನಿ.