ಇವತ್ತಿಗಾ, ನಾಳಿದ್ದಿಗಾ?

"ಟೊಮೆಟೊ ಇವತ್ತೇ ಬಳಸ್ತೀರಾ, ಎರಡು ದಿನ ಇಡ್ತೀರಾ ಮೇಡಂ?"

ಮೊನ್ನೆ ಆ್ಯಪ್‌ನಲ್ಲಿ ಸಾಮಾನು ಆರ್ಡರ್ ಮಾಡಿದ ಸ್ವಲ್ಪ ಹೊತ್ತಿಗೆ ಬಂದ ಫೋನ್ ಅದು. ಎಣ್ಣೆಯ ದೊಡ್ಡ ಪ್ಯಾಕ್ ಖಾಲಿ, ಚಿಕ್ಕವು ಎರಡು ಹಾಕ್ಲಾ ಅಂತ ಕೇಳೋಕೆ ಮಾಡಿದ್ದು. ಫೋನ್ ಇಡುವ ಮುಂಚೆ, ಸಾಮಾನು ಆರಿಸಿ ತುಂಬುವ ಆ ಹುಡುಗಿ ಟೊಮೆಟೊ ವಿಷಯ ತೆಗೆದಳು. ನಾಳಿದ್ದಿಗೆ ಬೇಕು ಅಂದೆ. "ಹಾಗಾದ್ರೆ ಗಟ್ಟಿ ಇರೋದು ಆರಿಸ್ತೀನಿ" ಅಂದಳು.

ಅಷ್ಟೇ ಮಾತು. ವಾರವೆಲ್ಲ ಅದೇ ತಲೆಯಲ್ಲಿದೆ. ಇವತ್ತಿಗಾ, ನಾಳಿದ್ದಿಗಾ ಅಂತ ಕೇಳೋಕೆ ಆ್ಯಪ್‌ನಲ್ಲಿ ಜಾಗವೇ ಇಲ್ಲ. ಅರ್ಧ ಕೆಜಿ, ಒಂದು ಕೆಜಿ, ಮುಗೀತು. ಕೈಗೆ ಸಿಕ್ಕಿದ್ದು ತುಂಬಿ ಕಳಿಸಿದ್ದರೂ ಅವಳನ್ನು ಯಾರೂ ಕೇಳುತ್ತಿರಲಿಲ್ಲ. ಸ್ಟಾರ್ ಕೊಡಿ ಅಂತ ಆಮೇಲೆ ಮೆಸೇಜ್ ಬಂತು, ಅದೂ ಮನೆಗೆ ತಂದುಕೊಟ್ಟವರಿಗೆ ಮಾತ್ರ. ಆರಿಸಿದವರ ಹೆಸರೂ ಇಲ್ಲ.

ಹಣ್ಣು ತರಕಾರಿ ನಾವೇ ಮುಟ್ಟಿ ನೋಡಬೇಕು, ಮೊದಲಿನಿಂದಲೂ ಹಾಗೇ ಅಂತಾರಲ್ಲ, ದಿನಸಿ ವಿಷಯದಲ್ಲಿ ಅದು ಅಷ್ಟು ಹಳೇ ಕಥೆಯೇನಲ್ಲ. 1916ರಲ್ಲಿ ಅಮೆರಿಕದ ಮೆಂಫಿಸ್‌ನಲ್ಲಿ ಪಿಗ್ಲಿ ವಿಗ್ಲಿ ಅಂಗಡಿ ತೆರೆದಾಗ, ಗಿರಾಕಿಗಳೇ ಬುಟ್ಟಿ ಹಿಡಿದು ಸಾಮಾನು ತೆಗೆದುಕೊಳ್ಳೋದು ಹೊಸ ವಿಷಯ. ಅದಕ್ಕೂ ಮುಂಚೆ ಬೇಕಾದ್ದನ್ನು ಹೇಳಿ ಕೌಂಟರ್ ಮುಂದೆ ಕಾಯಬೇಕಿತ್ತು. 1984ರಲ್ಲಿ ಇಂಗ್ಲೆಂಡಿನ ಜೇನ್ ಸ್ನೋಬಾಲ್ ಎಂಬ 72ರ ಅಜ್ಜಿ ಟಿವಿ ರಿಮೋಟ್ ಒತ್ತಿ ಮೊಟ್ಟೆ, ಕಾರ್ನ್‌ಫ್ಲೇಕ್ಸ್, ಮಾರ್ಗರಿನ್ ತರಿಸಿಕೊಂಡರು. ಚೀಟಿ ಕೊಟ್ಟು ಸಾಮಾನು ತರಿಸುವ ಕಾಲ ಮತ್ತೆ ಬಂತು. ಕೌಂಟರ್ ಹಿಂದಿನ ಮನುಷ್ಯ ಮಾತ್ರ ಕಣ್ಣಿಗೆ ಬೀಳದ ಹಾಗಾದ.

ಬಟ್ಟೆ ವಿಷಯಕ್ಕೆ ಬಂದರೆ ಫೋನ್ ಮಾಡಿ ಕೇಳುವವರೂ ಇಲ್ಲ. ನನ್ನ ನಾದಿನಿ ಒಂದೇ ಟಾಪನ್ನು ಮೂರು ಸೈಜಿನಲ್ಲಿ ತರಿಸಿ ಎರಡು ವಾಪಸ್ ಕಳಿಸುತ್ತಾಳೆ. "ರಿಟರ್ನ್ ಫ್ರೀ ಅಲ್ವಾ ಅತ್ತಿಗೆ." ಫ್ರೀ ಎಲ್ಲಿಂದ? ವಾಪಸ್ ಹೋದ ಬಟ್ಟೆಯನ್ನು ಯಾರೋ ಬಿಚ್ಚಿ, ಕಲೆ ಹುಡುಕಿ, ಮಡಚಿ, ಹೊಸ ಕವರಿಗೆ ಹಾಕಬೇಕು. ಎಷ್ಟೋ ಸಲ ಆ ಖರ್ಚೇ ಜಾಸ್ತಿ ಅಂತ ಸಿಕ್ಕಿದ ರೇಟಿಗೆ ಸಗಟಾಗಿ ಮಾರಿಬಿಡುತ್ತಾರೆ. ಹಾಗಂತ ಪೂರ್ತಿ ತಪ್ಪು ಅವಳದ್ದೂ ಅಲ್ಲ. ಒಂದು ಕಂಪನಿಯ ಮೀಡಿಯಂ ಇನ್ನೊಂದರ ಲಾರ್ಜ್. ಸ್ಟುಡಿಯೋ ಲೈಟಿನಲ್ಲಿ ತೆಗೆದ ಫೋಟೋದ ಬಣ್ಣ ಒಂದೊಂದು ಮೊಬೈಲಿನಲ್ಲಿ ಒಂದೊಂದು ಥರ.

ಅಂಗಡಿಯವರೇನು ಸತ್ಯಹರಿಶ್ಚಂದ್ರರಲ್ಲ. ಯಾವುದನ್ನು ಹಾಕಿಕೊಂಡರೂ "ಹೇಳಿ ಮಾಡಿಸಿದ ಹಾಗಿದೆ" ಅಂತಾರೆ. ಆದರೂ ಅಲ್ಲೊಬ್ಬರು ಅಂಚನ್ನು ಬೆರಳಲ್ಲಿ ಉಜ್ಜಿ ನೋಡಿ, "ಕಾಟನ್ನು, ತೊಳೆದರೆ ಕುಗ್ಗುತ್ತೆ, ಒಂದು ಸೈಜ್ ದೊಡ್ಡದೇ ಇರಲಿ" ಅಂತಾರಲ್ಲ, ಅವರಿಗೋಸ್ಕರ ನಾನು ಬಟ್ಟೆಗೆ ಅಂಗಡಿಗೇ ಹೋಗೋದು. ಉಪ್ಪು, ಸೋಪಿಗೆ ಆ್ಯಪ್ ಸಾಕು. ಅದಕ್ಕೆಲ್ಲ ಯಾರ ಸಲಹೆ ಬೇಕು?

ನಾದಿನಿ ಒಪ್ಪಲ್ಲ. ನಾಲ್ಕು ಬಟ್ಟೆ ಬಿಚ್ಚಿಸಿ ಬೇಡ ಅಂತ ಎದ್ದು ಬರೋಕೆ ಅವಳಿಗೆ ಸಂಕೋಚವಂತೆ. ಮನೆಗೆ ತರಿಸಿ ವಾಪಸ್ ಕಳಿಸುವಾಗ ಆ ಸಂಕೋಚ ಇರಲ್ಲ. ಎದುರಿಗೆ ಯಾರೂ ಇರಲ್ಲವಲ್ಲ.