ಮಾವನವರ ಮುದ್ರೆ ಉಂಗುರ: ಲಂಗರು ಕೆತ್ತಿ ಆಯ್ತು

ಹೋದ ಸಲ ಬರೆದಾಗ ಉಂಗುರ ಇನ್ನೂ ಬೀಟೆ ಮರದ ಮಾದರಿಯಾಗಿತ್ತು. ಈಗ ಅದು ಬೆಳ್ಳಿ. ಎರಕ ಆಯ್ತು, ಅರದಲ್ಲಿ ಉಜ್ಜಿದ್ದಾಯ್ತು, ಮುಖದ ಮೇಲೆ ಲಂಗರು ಮತ್ತು ಮೀನು ಕೂತಿವೆ. ಉಂಗುರದ ಎರಡೂ ಪಕ್ಕಕ್ಕೆ ಕೆತ್ತುವ ಚರ್ಚಿನ ಕಿಟಕಿ ಕಮಾನುಗಳಲ್ಲಿ ಒಂದು ಬಾಕಿ.

ಈಗಷ್ಟೇ ಓದುತ್ತಿರುವವರಿಗೆ: ನಮ್ಮ ಮಾವನವರು ಹಾಸನದಲ್ಲಿದ್ದಾರೆ. ಕ್ರಿಸ್‌ಮಸ್ ಕಾರ್ಡನ್ನು ಇವತ್ತಿಗೂ ಲಕೋಟೆಗೆ ಹಾಕಿ ಅಂಚೆಯಲ್ಲೇ ಕಳಿಸುತ್ತಾರೆ. ಆ ಲಕೋಟೆಗಳ ಮೇಲೆ ಅರಗಿನ ಮುದ್ರೆ ಒತ್ತಬೇಕು ಅನ್ನೋದು ಅವರ ಬಹಳ ದಿನದ ಆಸೆ. "ಭಾರ ಇರ್ಲಿ ಕಣಪ್ಪ, ಬೆರಳಲ್ಲಿದೆ ಅಂತ ಗೊತ್ತಾಗ್ಬೇಕು" ಅಂದಿದ್ದರು.

ಅಂಗಡಿಗಳಲ್ಲಿ ಶಿಲುಬೆಯ ಉಂಗುರ ಬೇಕಾದಷ್ಟು ಸಿಗುತ್ತವೆ. ಆದರೆ ಅವುಗಳಲ್ಲಿ ಚಿತ್ರ ಮೇಲೆದ್ದಿರುತ್ತೆ. ಅರಗಿಗೆ ಒತ್ತಿದರೆ ಶಿಲುಬೆಯ ಜಾಗದಲ್ಲಿ ಗುಂಡಿ ಬೀಳುತ್ತೆ, ಅಷ್ಟೇ. ಮುದ್ರೆ ಉಂಗುರದಲ್ಲಿ ಚಿತ್ರ ಒಳಕ್ಕೆ ಇಳಿದಿರಬೇಕು, ಎಡಬಲ ತಿರುಗಿರಬೇಕು. ಕೈಯಲ್ಲಿ ನೋಡಲು ಚೆನ್ನಾಗಿರೋದು ಆಮೇಲಿನ ಮಾತು, ಅರಗಿನಲ್ಲಿ ಚೆನ್ನಾಗಿ ಮೂಡಬೇಕು. ಈ ಉಂಗುರದ ಪ್ರತಿಯೊಂದು ನಿರ್ಧಾರವನ್ನೂ ನಾನು ಇದೊಂದೇ ಅಳತೆಯಲ್ಲಿ ಮಾಡಿದ್ದೇನೆ.

ಚಿತ್ರ ಯಾವುದು ಅನ್ನೋದಕ್ಕೆ ತುಂಬಾ ಹಳೇ ಸಲಹೆ ಸಿಕ್ಕಿತು. ಸುಮಾರು ಕ್ರಿ.ಶ. 200ರ ಹೊತ್ತಿಗೆ ಅಲೆಕ್ಸಾಂಡ್ರಿಯದ ಕ್ಲೆಮೆಂಟ್ ಎಂಬ ಕ್ರೈಸ್ತ ಪಂಡಿತ, ಕ್ರೈಸ್ತರ ಉಂಗುರದ ಮುದ್ರೆಯಲ್ಲಿ ಏನಿರಬೇಕು ಅಂತ ಬರೆದಿಟ್ಟಿದ್ದಾನೆ. ಪಾರಿವಾಳ, ಮೀನು, ಗಾಳಿ ಹಿಡಿದು ಸಾಗುವ ಹಡಗು, ಲೈರ್ ಎಂಬ ತಂತಿವಾದ್ಯ, ಲಂಗರು. ಕತ್ತಿ, ಬಿಲ್ಲು, ಮದ್ಯದ ಬಟ್ಟಲು ಬೇಡ ಅಂತಾನೆ. ರೋಮಿನ ವ್ಯಾಟಿಕನ್ ಬಳಿ ಸಿಕ್ಕ ಲಿಸಿನಿಯಾ ಅಮಿಯಾಸ್ ಎಂಬಾಕೆಯ ಸಮಾಧಿಕಲ್ಲಿನಲ್ಲೂ ಒಂದು ಲಂಗರು, ಎರಡು ಮೀನು ಇವೆ. ನಾನು ಆರಿಸಿಕೊಂಡಿದ್ದು ಅದನ್ನೇ. ಲಂಗರಿನ ಮೇಲಿನ ಅಡ್ಡಪಟ್ಟಿ ನೋಡಿದರೆ ಶಿಲುಬೆ ಅಲ್ಲೇ ಇದೆ, ಬೇರೆ ಕೆತ್ತಬೇಕಿಲ್ಲ. ಬೈಬಲ್‌ನಲ್ಲಿ ಇಬ್ರಿಯರಿಗೆ ಬರೆದ ಪತ್ರದ 6ನೇ ಅಧ್ಯಾಯ, 19ನೇ ವಚನ ನಿರೀಕ್ಷೆಯನ್ನು ಲಂಗರಿಗೆ ಹೋಲಿಸುತ್ತೆ. ಮಾವನವರಿಗೆ ಅದು ಬಾಯಿಪಾಠ.

ಎಷ್ಟು ಬೆಳ್ಳಿ ಬೇಕು ಅಂತ ತಿಳಿಯೋಕೆ ಸುಲಭದ ದಾರಿ ಇದೆ. ಸಣ್ಣ ತಕ್ಕಡಿ ಮೇಲೆ ನೀರಿನ ಲೋಟ ಇಟ್ಟು ಸೊನ್ನೆಗೆ ತಂದೆ. ಮೆರುಗೆಣ್ಣೆ ಹಚ್ಚಿದ ಮರದ ಮಾದರಿಯನ್ನು ಸೂಜಿಮೊನೆಯಲ್ಲಿ ಒತ್ತಿ ಪೂರ್ತಿ ಮುಳುಗಿಸಿದೆ, ತಳಕ್ಕೆ ತಾಗದ ಹಾಗೆ. ತಕ್ಕಡಿ 2.6 ಗ್ರಾಂ ತೋರಿಸಿತು. ಅಂದರೆ ಮಾದರಿಯ ಗಾತ್ರ 2.6 ಘನ ಸೆಂಟಿಮೀಟರ್. 925 ಬೆಳ್ಳಿ, ಅಂದರೆ ಸಾವಿರಕ್ಕೆ 925 ಭಾಗ ಬೆಳ್ಳಿ ಇರುವ ಮಿಶ್ರಣ, ಒಂದು ಘನ ಸೆಂಟಿಮೀಟರಿಗೆ ಸುಮಾರು 10.36 ಗ್ರಾಂ ತೂಗುತ್ತೆ. ಗುಣಿಸಿದರೆ 27 ಗ್ರಾಂ ಉಂಗುರ. ಅಚ್ಚಿಗೆ ಹೊಯ್ಯುವ ಬಾಯಿ ತುಂಬೋಕೂ ಬೆಳ್ಳಿ ಬೇಕಲ್ವಾ, ಅದಕ್ಕೇ 37 ಗ್ರಾಂ ಶುದ್ಧ ಬೆಳ್ಳಿ, 3 ಗ್ರಾಂ ತಾಮ್ರ ಸೇರಿಸಿ 40 ಗ್ರಾಂ ಕರಗಿಸಿದೆ. ಶುದ್ಧ ಬೆಳ್ಳಿ ತುಂಬಾ ಮೆದು, ಕೆತ್ತನೆಯ ಅಂಚು ಬೇಗ ಸವೆದುಹೋಗುತ್ತೆ. ತಾಮ್ರ ಗಟ್ಟಿತನ ಕೊಡುತ್ತೆ.

ಅಚ್ಚು ಮಾಡಿದ್ದು ಕಟಲ್‌ಫಿಶ್ ಮೂಳೆಯಲ್ಲಿ. ಲವ್ ಬರ್ಡ್ಸ್ ಪಂಜರದಲ್ಲಿ ಕಟ್ಟುತ್ತಾರಲ್ಲ, ಅದೇ ಬಿಳಿ ಮೂಳೆ. ಒಳಭಾಗ ಉಗುರು ಒತ್ತಿದರೂ ಇಳಿಯುವಷ್ಟು ಮೆದು, ಆದರೂ ಕರಗಿದ ಬೆಳ್ಳಿಯನ್ನು ತಡೆದುಕೊಳ್ಳುತ್ತೆ. ಎರಡು ಮೂಳೆಗಳ ಮುಖ ಮಟ್ಟಸವಾಗಿ ಉಜ್ಜಿ, ನಡುವೆ ಮಾದರಿ ಇಟ್ಟು ಒತ್ತಿ ತೆಗೆದು, ಬಾಯಿ ಮತ್ತು ಗಾಳಿದಾರಿ ಕೊರೆದು ತಂತಿಯಲ್ಲಿ ಬಿಗಿದೆ. ಬಾಯಿಯನ್ನು ಉಂಗುರದ ದಪ್ಪ ಮುಖಕ್ಕೇ ಕೂಡಿಸಿದೆ. ಬೆಳ್ಳಿ ಗಟ್ಟಿಯಾಗುವಾಗ ಕುಗ್ಗುತ್ತೆ. ದಪ್ಪ ಭಾಗಕ್ಕೆ ಕೊನೇವರೆಗೂ ಕರಗಿದ ಬೆಳ್ಳಿ ಇಳಿಯುತ್ತಿರಬೇಕು, ಇಲ್ಲದಿದ್ದರೆ ಕೆತ್ತುವ ಜಾಗದಲ್ಲೇ ತೂತುಗಳು. ಮೂಸೆಗೆ ಬಿಳಿಗಾರ ಹಾಕಿ, ಬೆಳ್ಳಿ ಗುಂಡಗೆ ಹೊಳೆದು ಹೊರಳಿದ ಕೂಡಲೇ ಹೊಯ್ದೆ. ಕೂದಲು ಸುಟ್ಟ ವಾಸನೆ ಬಂತು. ಈ ಅಚ್ಚು ಒಂದೇ ಸಲಕ್ಕೆ. ಹುಣಸೆ ನೀರಲ್ಲಿ ಕುದಿಸಿ, ಬಾಯಿ ಕತ್ತರಿಸಿ ಉಜ್ಜಿದ ಮೇಲೆ 25 ಗ್ರಾಂ ಉಳಿದಿದೆ. ಮಾವನವರು ತೂಗಿ ನೋಡಿ ತಲೆಯಾಡಿಸಿದರು.

ಕೆತ್ತನೆಗೆ ಉಂಗುರವನ್ನು ಮರದ ತುಂಡಿನ ಮೇಲೆ ಅರಗಿನಲ್ಲಿ ಕೂರಿಸಿದೆ. ಲಂಗರಿಗೆ ಎಡಬಲ ಒಂದೇ, ಅದರಲ್ಲಿ ಗೊಂದಲವಿಲ್ಲ. ಮೊದಲು ಚೂಪು ಉಳಿಯಲ್ಲಿ ನಡುಗಂಬ, ಆಮೇಲೆ ಅಡ್ಡಪಟ್ಟಿ, ಕೊನೆಗೆ ಕೊಕ್ಕೆಗಳು. ಮೀನಿಗೆ ಗುಂಡು ಬಾಯಿಯ ಉಳಿ ಬೇಕು. ಹೊಟ್ಟೆಯ ಹತ್ತಿರ ಆಳ, ಬಾಲದ ಕಡೆ ತೆಳು. ಲೋಹದಲ್ಲಿ ಆಳ ಇದ್ದಷ್ಟೂ ಅರಗಿನಲ್ಲಿ ಮೀನಿನ ಹೊಟ್ಟೆ ಉಬ್ಬಿ ಬರುತ್ತೆ. ನಾಲ್ಕು ಗೀರು ಎಳೆದ ಮೇಲೊಮ್ಮೆ ಮಕ್ಕಳ ಬಣ್ಣದ ಕ್ಲೇ ಒತ್ತಿ ನೋಡುತ್ತಿದ್ದೆ. ಬರೀ ಬೆಳ್ಳಿ ನೋಡಿದರೆ ಹೊಳಪು ಕಣ್ಣಿಗೆ ಹೊಡೆದು ಏನೂ ಗೊತ್ತಾಗಲ್ಲ. ಮೀನಿಗೆ ಹುರುಪೆ ಬೇಡ ಅಂತ ಬಿಟ್ಟೆ. ಇಷ್ಟು ಚಿಕ್ಕ ಜಾಗದಲ್ಲಿ ಗೀರು ಜಾಸ್ತಿಯಾದರೆ ಅರಗಿನಲ್ಲಿ ಎಲ್ಲಾ ಕಲಸಿಹೋಗುತ್ತೆ.

ಪಕ್ಕದ ಕಮಾನು ಶೆಟ್ಟಿಹಳ್ಳಿ ಚರ್ಚಿನದು. ಮಾವನವರ ಹಿರಿಯರು ಆ ಊರಿನವರು. 19ನೇ ಶತಮಾನದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದ ಚರ್ಚು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಬಂದ ಮೇಲೆ ಊರು ಖಾಲಿಯಾಯಿತು, ಚರ್ಚು ಮಾತ್ರ ಹಿನ್ನೀರಿನಲ್ಲಿ ಉಳಿಯಿತು. ಮೇಲೆ ಚೂಪಾಗುವ ಆ ಕಿಟಕಿ ಕಮಾನಿನ ಆಕಾರ ಉಂಗುರದ ಇಳಿಜಾರಿಗೆ ಅಚ್ಚುಕಟ್ಟಾಗಿ ಹೊಂದಿದೆ. ಇದು ಮುದ್ರೆಗಲ್ಲ, ಅವರಿಗೆ. ಅದಕ್ಕೇ ಇಲ್ಲಿ ಎಡಬಲ ತಿರುಗಿಸಿಲ್ಲ.

ಅರಗಿನ ಕಡ್ಡಿ ಕರಗಿಸಿ ಒಂದು ಲಕೋಟೆ ಮೇಲೆ ಒತ್ತಿ ನೋಡಿದ್ದೇವೆ. ಮುಖಕ್ಕೆ ಒಂಚೂರು ಕೊಬ್ಬರಿ ಎಣ್ಣೆ ಸವರಿದರೆ ಅಂಟಲ್ಲ. ಅಡ್ಡಪಟ್ಟಿಯ ತುದಿ ಸ್ವಲ್ಪ ಮಸುಕಾಗಿ ಬಂತು, ಅಲ್ಲಿ ಇನ್ನೊಂದು ಎಳೆ ಆಳ ಮಾಡಬೇಕು. ಎಡಗಡೆ ಕಮಾನು ಮುಗಿಸಿ, ಬೇಯಿಸಿದ ಮೊಟ್ಟೆಯ ಹಳದಿಯ ಜೊತೆ ಡಬ್ಬಿಯಲ್ಲಿ ಮುಚ್ಚಿಟ್ಟು ಕಪ್ಪು ಮಾಡುತ್ತೇನೆ. ಅದರ ಗಂಧಕಕ್ಕೆ ಬೆಳ್ಳಿ ಕಪ್ಪಾಗುತ್ತೆ. ಮೇಲ್ಮೈ ಉಜ್ಜಿದರೆ ಗೀರುಗಳಲ್ಲಿ ಮಾತ್ರ ಕಪ್ಪು ಉಳಿಯುತ್ತೆ. ಡಿಸೆಂಬರ್ ಮೊದಲ ವಾರದೊಳಗೆ ಕೊಡಬೇಕು, ಕಾರ್ಡುಗಳು ಅಂಚೆಗೆ ಹೋಗೋದು ಆಗಲೇ.